ಲಾವಾ ಕಲ್ಲು, ಒರತೆ, ಹೊಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವಾಲಾಮುಖಿ ನೆಲದ ನೀರಿನ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ನಾನು ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ: ಆ ಕಲ್ಲಿಗೆ ವಯಸ್ಸೆಷ್ಟು? ಮಳೆ ಎಷ್ಟು ಬಿತ್ತು ಎಂಬುದು ಆಮೇಲಿನ ಮಾತು. ಹಾಗೇಕೆ ಎಂಬುದು ಕೆಳಗಿನ ಉತ್ತರಗಳನ್ನು ಓದುತ್ತಾ ಹೋದಂತೆ ತಿಳಿಯುತ್ತದೆ.

ಅಷ್ಟೊಂದು ಮಳೆ ಸುರಿಯುವ ಜ್ವಾಲಾಮುಖಿ ಬೆಟ್ಟದ ಮೈಮೇಲೆ ಒಂದು ಹಳ್ಳವೂ ಕಾಣುವುದಿಲ್ಲವಲ್ಲ, ನೀರೆಲ್ಲ ಎಲ್ಲಿಗೆ ಹೋಗುತ್ತದೆ?

ಬಿದ್ದಲ್ಲೇ ಇಂಗುತ್ತದೆ. ಹೊಸ ಲಾವಾ ಹರಡಿದ ನೆಲವೆಂದರೆ ಬಿರುಕು, ಸಂದು, ಒಡೆದ ಕಲ್ಲಿನ ರಾಶಿ. ಮಳೆನೀರು ನಾಲ್ಕು ಹೆಜ್ಜೆ ಹರಿಯುವ ಮೊದಲೇ ಅದಕ್ಕೊಂದು ಸಂದು ಸಿಕ್ಕಿಬಿಡುತ್ತದೆ. ನೀರು ಒಂದುಗೂಡಿ ಹರಿದರೆ ತಾನೆ ನೆಲ ಕೊರೆದು ಹಳ್ಳವಾಗುವುದು? ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿಯೂ ನಿಜ, ಆದರೆ ಹನಿಗಳು ಒಂದುಗೂಡುವುದು ನೆಲದ ಕೆಳಗೆ.

ಜಪಾನಿನ ಫ್ಯೂಜಿ ಪರ್ವತದ ಎತ್ತರ 3,776 ಮೀಟರ್. ಮಳೆ, ಹಿಮ ಎರಡೂ ಧಾರಾಳ. ಆದರೂ ಅದರ ಇಳಿಜಾರಿನಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲವೆಂದೇ ಹೇಳಬೇಕು. ಆ ನೀರನ್ನು ಕಾಣಬೇಕಾದರೆ ಬುಡಕ್ಕೆ ಬರಬೇಕು. ಅಲ್ಲಿ ಕಾಕಿತಾ ಎಂಬ ಹೊಳೆಯಿದೆ. ಉದ್ದ 1.2 ಕಿಲೋಮೀಟರ್ ಮಾತ್ರ, ಆದರೆ ಒರತೆಗಳಿಂದ ದಿನಕ್ಕೆ ಸುಮಾರು 10 ಲಕ್ಷ ಘನ ಮೀಟರ್ ನೀರು ಉಕ್ಕುತ್ತದೆ. ತಳದ ಮರಳು ಸದಾ ಕುದಿಯುವಂತೆ ಎದ್ದೆದ್ದು ಬೀಳುತ್ತಿರುತ್ತದೆ. ಕೈ ಅದ್ದಿದರೆ ನೀರು ಮಾತ್ರ ತಣ್ಣಗೆ, ಬೇಸಿಗೆಯಾಗಲಿ ಚಳಿಗಾಲವಾಗಲಿ 15 ಡಿಗ್ರಿಯ ಆಸುಪಾಸು. ಕೊರಿಯಾದ ಜೆಜು ದ್ವೀಪದಲ್ಲಿಯೂ ಇದೇ ಕಥೆ. ಹಳ್ಳಗಳು ಭಾರಿ ಮಳೆಯ ಹೊತ್ತಿನಲ್ಲಿ ಮಾತ್ರ ಹರಿಯುತ್ತವೆ, ಸಿಹಿನೀರು ಕಡಲ ದಂಡೆಯಲ್ಲಿ ಉಕ್ಕುತ್ತದೆ. ಆದ್ದರಿಂದಲೇ ಅಲ್ಲಿನ ಹಳೆಯ ಹಳ್ಳಿಗಳು ದಂಡೆಯ ಒರತೆಗಳ ಸುತ್ತ ಬೆಳೆದವು.

ಬಸಾಲ್ಟ್ ಎಂದರೆ ಗಟ್ಟಿ ಕಪ್ಪುಕಲ್ಲು. ಅದರೊಳಗೆ ನೀರು ನಿಲ್ಲುವುದೆಲ್ಲಿ?

ಒಂದು ಲಾವಾ ಪದರವನ್ನು ಅಡ್ಡಲಾಗಿ ಸೀಳಿ ನೋಡಿದಂತೆ ಕಲ್ಪಿಸಿಕೊಳ್ಳಿ. ಹರಿಯುತ್ತಿರುವ ಲಾವಾದ ಮೇಲ್ಮೈ ಬೇಗ ತಣಿದು ಗಟ್ಟಿಯಾಗುತ್ತದೆ, ಒಳಗಿನ ದ್ರವ ಮುಂದಕ್ಕೆ ನುಗ್ಗಿದಾಗ ಆ ಗಟ್ಟಿ ಹೊದಿಕೆ ಒಡೆದು ಚೂರಾಗುತ್ತದೆ. ಕೆಲವು ಚೂರುಗಳು ಮುಂದಿನ ಅಂಚಿನಿಂದ ಉರುಳಿ ಹರಿವಿನ ಅಡಿಗೇ ಸೇರಿಕೊಳ್ಳುತ್ತವೆ. ಹೀಗೆ ಪದರದ ಮೇಲೂ ಕೆಳಗೂ ಒಡಕು ಕಲ್ಲಿನ ಹಾಸು ಉಂಟಾಗುತ್ತದೆ. ನಡುಭಾಗ ನಿಧಾನವಾಗಿ ತಣಿಯುವುದರಿಂದ ಅದು ಬಿಗಿಯಾದ ಕಲ್ಲು. ತಣಿದು ಕುಗ್ಗುವಾಗ ಕಂಬಗಳಂತೆ ಸೀಳಿಕೊಂಡ ಕಿರಿದಾದ ಬಿರುಕುಗಳಷ್ಟೇ ಅದರಲ್ಲಿರುತ್ತವೆ.

ಇದರ ಮೇಲೆ ಇನ್ನೊಂದು ಲಾವಾ ಹರಿದರೆ ಕೆಳಗಿನದರ ಒಡಕು ತಲೆ ಮತ್ತು ಮೇಲಿನದರ ಒಡಕು ತಳ ಒಂದಕ್ಕೊಂದು ಸೇರುತ್ತವೆ. ನೀರಿನ ರಾಜಮಾರ್ಗ ಇದೇ. ಬಸಾಲ್ಟ್ ನೆಲದ ಒಳ್ಳೆಯ ಕೊಳವೆ ಬಾವಿಗಳಿಗೆ ನೀರು ಬರುವುದು ಹೆಚ್ಚಾಗಿ ಈ ಸಂಧಿಪದರಗಳಿಂದ, ಕಲ್ಲಿನ ಹೊಟ್ಟೆಯಿಂದಲ್ಲ. ಆದ್ದರಿಂದಲೇ ಇಂಥ ನೆಲದಲ್ಲಿ ನೀರು ಕೆಳಕ್ಕೆ ಇಳಿಯುವುದಕ್ಕಿಂತ ಅಡ್ಡಕ್ಕೆ ಎಷ್ಟೋ ಪಟ್ಟು ಸುಲಭವಾಗಿ ಚಲಿಸುತ್ತದೆ. ಲಾವಾ ಸುರಂಗಗಳೂ ಇವೆ. ಮೇಲ್ಭಾಗ ಗಟ್ಟಿಯಾದ ಮೇಲೆ ಒಳಗಿನ ದ್ರವ ಬರಿದಾಗಿ ಉಳಿದ ಕೊಳವೆಗಳಿವು. ನೀರು ಸಿಕ್ಕಿದರೆ ಹೊಳೆಯಂತೆಯೇ ಸಾಗಿಸುತ್ತವೆ, ಆದರೆ ಎಲ್ಲೆಡೆ ಸಿಗುವಂಥವಲ್ಲ.

ಜೇನುಗೂಡಿನಂತೆ ತೂತು ತೂತಾದ ಲಾವಾ ಕಲ್ಲು ಹೆಚ್ಚು ನೀರು ಕೊಡುತ್ತದೆಯೇ?

ಬಹುತೇಕರು ಹಾಗೆಂದುಕೊಳ್ಳುತ್ತಾರೆ. ಆದರೆ ಆ ತೂತುಗಳು ಅನಿಲದ ಗುಳ್ಳೆಗಳ ಗುರುತು; ಒಂದಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯಿರುತ್ತದೆ. ಅಂಥ ಕಲ್ಲಿನ ತುಂಡೊಂದರ ಮೇಲೆ ನೀರು ಹೊಯ್ದು ನೋಡಿ. ಮೇಲಿನ ಗುಳಿಗಳು ತುಂಬಿ ನಿಲ್ಲುತ್ತವೆ, ಅಡಿಭಾಗ ಒಣಗಿಯೇ ಇರುತ್ತದೆ. ಜಾಗ ಇರುವುದು ಬೇರೆ, ದಾರಿ ಇರುವುದು ಬೇರೆ. ಅಂತರ್ಜಲದ ಲೆಕ್ಕದಲ್ಲಿ ಬೆಲೆಯಿರುವುದು ದಾರಿಗೆ.

ಹಾಗಾದರೆ ಲಾವಾ ನೆಲವೆಲ್ಲ ನೀರಿನ ಖಜಾನೆಯೇ?

ಅಲ್ಲ. ಕಲ್ಲಿನ ವಯಸ್ಸು ಕೇಳಬೇಕು ಎಂದದ್ದು ಇದಕ್ಕೇ.

ಅಮೆರಿಕದ ಓರೆಗಾನ್ ರಾಜ್ಯದ ಕ್ಯಾಸ್ಕೇಡ್ ಪರ್ವತಶ್ರೇಣಿಯಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಜಾಗ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಅಲ್ಲಿ ಎರಡು ಬೆಟ್ಟಸಾಲುಗಳು ಪಕ್ಕ ಪಕ್ಕದಲ್ಲಿವೆ. ಎರಡೂ ಜ್ವಾಲಾಮುಖಿಗಳಿಂದಲೇ ಆದವು, ಎರಡಕ್ಕೂ ಮಳೆ ಚೆನ್ನಾಗಿದೆ. ಪೂರ್ವದ ಎತ್ತರದ ಸಾಲಿನ ಕಲ್ಲು ಹೆಚ್ಚಾಗಿ ಕಳೆದ 20 ಲಕ್ಷ ವರ್ಷಗಳ ಈಚಿನದು, ಕೆಲವು ಲಾವಾ ಹರಿವುಗಳಿಗಂತೂ ಕೆಲವೇ ಸಾವಿರ ವರ್ಷ. ಪಶ್ಚಿಮದ ಸಾಲು ಕೋಟಿಗಟ್ಟಲೆ ವರ್ಷ ಹಳೆಯದು. ಚಳಿಗಾಲದ ಬಿರುಮಳೆಗೆ ಪಶ್ಚಿಮದ ಹೊಳೆಗಳು ಒಂದೇ ದಿನದಲ್ಲಿ ಉಕ್ಕೇರಿ ಅಷ್ಟೇ ಬೇಗ ಇಳಿಯುತ್ತವೆ, ಬೇಸಿಗೆಯ ಕೊನೆಗೆ ಕಲ್ಲುಗಳ ನಡುವೆ ಎಳೆಯಷ್ಟೇ ಉಳಿಯುತ್ತವೆ. ಪೂರ್ವದ ಹೊಳೆಗಳಿಗೆ ಅದೇ ಮಳೆಯ ಪರಿವೆಯೇ ಇಲ್ಲ. ನೆರೆಯೂ ಇಲ್ಲ, ಬತ್ತುವುದೂ ಇಲ್ಲ.

ವ್ಯತ್ಯಾಸ ಕಲ್ಲಿನೊಳಗಿದೆ. ಲಾವಾದಲ್ಲಿರುವ ಗಾಜಿನಂಥ ವಸ್ತು ನೀರು ಸೋಕಿ ಸೋಕಿ ಜೇಡಿಯಾಗುತ್ತದೆ. ಬಿಸಿನೀರು ಹರಿದಾಡಿದ ಕಡೆ ಜಿಯೋಲೈಟ್, ಕ್ಯಾಲ್ಸೈಟ್, ಸಿಲಿಕಾ ಹರಳುಗಳು ಸಂದುಗಳಲ್ಲಿ ಬೆಳೆದು ಅವನ್ನು ಮುಚ್ಚುತ್ತವೆ. ನೀರು ಇಂಗುವುದು ಕಡಿಮೆಯಾದಂತೆ ಮೇಲೆ ಹರಿಯುವುದು ಹೆಚ್ಚುತ್ತದೆ, ಹರಿದ ನೀರು ಕಣಿವೆ ಕೊರೆಯುತ್ತದೆ, ಕೊರೆದ ಕಣಿವೆಗಳು ನೀರನ್ನು ಇನ್ನೂ ಬೇಗ ಸಾಗಹಾಕುತ್ತವೆ. ಭೂಪಟದಲ್ಲಿ ಹಳೆಯ ಸಾಲಿನ ಮೇಲೆ ತೊರೆಗಳು ಎಲೆಯ ನರಗಳಂತೆ ಒತ್ತೊತ್ತಾಗಿ ಕಾಣುತ್ತವೆ. ಹೊಸ ಸಾಲಿನ ಮೇಲೆ ಅಲ್ಲೊಂದು ಇಲ್ಲೊಂದು ಗೆರೆ.

ದಖನ್ ಪ್ರಸ್ಥಭೂಮಿಯ ಬಸಾಲ್ಟ್‌ಗೆ ಸುಮಾರು 6.6 ಕೋಟಿ ವರ್ಷ. ಅದು ಹರಡಿರುವ ಪ್ರದೇಶ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅಲ್ಲಿನ ಕಲ್ಲುಗಣಿಯಲ್ಲಿ ಒಡೆದ ತುಂಡನ್ನು ಕೈಯಲ್ಲಿ ಹಿಡಿದರೆ ಒಂದು ಕಾಲದ ಗಾಳಿಗುಳ್ಳೆಗಳೆಲ್ಲ ಬಿಳಿ, ತಿಳಿಗೆಂಪು, ಹಸಿರು ಹರಳುಗಳಿಂದ ತುಂಬಿರುವುದು ಕಾಣುತ್ತದೆ. ನೋಡಲು ಚೆಲುವು. ಆದರೆ ಅಂತರ್ಜಲದ ದೃಷ್ಟಿಯಿಂದ ಅದು ಬಿರಡೆ ಜಡಿದ ಶೀಶೆ. ಲಾವಾ ಪದರಗಳ ನಡುವೆ ಕೆಲವೆಡೆ ಇಟ್ಟಿಗೆ ಬಣ್ಣದ ಜೇಡಿ ಹಾಸೂ ಇದೆ, ಅದೂ ನೀರಿಗೆ ತಡೆಯೇ. ಇಂಥಲ್ಲಿ ನೀರು ಸಿಗುವುದು ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಹಿಡಿದಿಡುವ ಜಾಗ ಕಡಿಮೆ. ಮಳೆಗಾಲದಲ್ಲಿ ಬೇಗ ತುಂಬುವ ತೆರೆದ ಬಾವಿ ಬೇಸಿಗೆಗೆ ಅಷ್ಟೇ ಬೇಗ ತಳ ಕಾಣುತ್ತದೆ. ಹೊಸ ಲಾವಾ ನೆಲದ ಅನುಭವವನ್ನು ಇಂಥ ಹಳೆಯ ನೆಲಕ್ಕೆ ಹಾಗೆಯೇ ಅನ್ವಯಿಸುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಅಲ್ಲಿನ ಸಮೃದ್ಧಿಯ ಲೆಕ್ಕ ಹಿಡಿದು ಇಲ್ಲಿ ಬಾವಿ ಕೊರೆದರೆ ನಷ್ಟ ರೈತನದು.

ಒರತೆ ಇಂಥಲ್ಲೇ ಬರುತ್ತದೆ ಎಂದು ಹೇಗೆ ಗೊತ್ತಾಗುತ್ತದೆ?

ನೀರಿನ ದಾರಿ ಎಲ್ಲಿ ಮುಗಿಯುತ್ತದೆ ಎಂದು ಹುಡುಕಬೇಕು. ಲಾವಾ ಹರಿವಿನ ಮುಂಗೊನೆ ಮೊದಲು ನೋಡಬೇಕಾದ ಜಾಗ. ಎರಡನೆಯದು, ನೀರು ಬಿಡುವ ಪದರ ನೀರು ಬಿಡದ ಪದರದ ಮೇಲೆ ಕೂತಿರುವ ಗೆರೆ ಕಣಿವೆಯ ಗೋಡೆಯಲ್ಲಿ ಬಯಲಾಗುವ ಜಾಗ. ಫ್ಯೂಜಿಯ ಬುಡದ ಶಿರೈತೊ ಜಲಪಾತದಲ್ಲಿ ಈ ಗೆರೆ ಕಣ್ಣಿಗೆ ಕಾಣುತ್ತದೆ. ಮೇಲೆ ಹೊಸ ಫ್ಯೂಜಿಯ ಲಾವಾ, ಕೆಳಗೆ ಹಳೆಯ ಫ್ಯೂಜಿಯ ಕೆಸರು ಹರಿವಿನ ಬಿಗಿ ಪದರ, ಎರಡರ ನಡುವಿನಿಂದ ನೂರಾರು ಬಿಳಿಯ ಎಳೆಗಳಾಗಿ ನೀರು. ಐಸ್‌ಲ್ಯಾಂಡಿನ ಹ್ರೌನ್‌ಫೊಸ್ಸಾರ್‌ನಲ್ಲಿ ಸುಮಾರು 900 ಮೀಟರ್ ಉದ್ದಕ್ಕೂ ಲಾವಾದ ಅಂಚಿನಡಿಯಿಂದ ನೀರು ನದಿಗೆ ಧುಮುಕುತ್ತದೆ. ಮೇಲೆ ಹೋಗಿ ನೋಡಿದರೆ ಹೊಳೆಯೇ ಇಲ್ಲ.

ಓರೆಗಾನ್‌ನ ಮೆಟೋಲಿಯಸ್ ನದಿಯದು ಇನ್ನೂ ಸೋಜಿಗ. ಬ್ಲ್ಯಾಕ್ ಬ್ಯೂಟ್ ಎಂಬ ಜ್ವಾಲಾಮುಖಿ ಗುಡ್ಡದ ಬುಡದಲ್ಲಿ ನೆಲದಿಂದ ಸೀದಾ ನದಿಯೇ ಹುಟ್ಟಿಬರುತ್ತದೆ. ತೊರೆ ಸೇರಿ ಹಳ್ಳ, ಹಳ್ಳ ಸೇರಿ ಹೊಳೆ ಎಂಬ ಕ್ರಮವೆಲ್ಲ ಅಲ್ಲಿ ಇಲ್ಲ.

ಹರಿಯುವ ಹೊಳೆ ಲಾವಾ ನೆಲದಲ್ಲಿ ಮಾಯವಾಗುವುದು ನಿಜವೇ?

ನಿಜ. ಐಡಾಹೊ ರಾಜ್ಯದ ಬಿಗ್ ಲಾಸ್ಟ್ ನದಿ ಬೆಟ್ಟದಿಂದ ಇಳಿದು ಸ್ನೇಕ್ ನದಿ ಬಯಲಿನ ಲಾವಾ ಸೇರಿದ ಮೇಲೆ ಇಂಗಿ ಮುಗಿದುಹೋಗುತ್ತದೆ. ಹೀಗೆ ಇಂಗಿದ ನೀರು ಸುಮಾರು 26,000 ಚದರ ಕಿಲೋಮೀಟರ್ ಹರಡಿರುವ ಅಂತರ್ಜಲ ಭಂಡಾರ ಸೇರಿ, ಎಷ್ಟೋ ದೂರದ ಥೌಸಂಡ್ ಸ್ಪ್ರಿಂಗ್ಸ್ ಎಂಬಲ್ಲಿ ಕಣಿವೆಯ ಗೋಡೆಯಿಂದ ಹೊರಬೀಳುತ್ತದೆ. ಆ ನೀರಿನ ಉಷ್ಣತೆ ವರ್ಷವಿಡೀ ಸುಮಾರು 15 ಡಿಗ್ರಿ. ಅಮೆರಿಕದಲ್ಲಿ ಸಾಕುವ ಟ್ರೌಟ್ ಮೀನಿನ ಬಹುಪಾಲು ಅದರಲ್ಲೇ ಬೆಳೆಯುತ್ತದೆ.

ಲಾವಾ ಹೊಳೆಯನ್ನು ಕಟ್ಟಿಹಾಕುವುದೂ ಉಂಟು. ಸುಮಾರು 3,000 ವರ್ಷಗಳ ಹಿಂದೆ ಓರೆಗಾನ್‌ನ ಮೆಕೆಂಜಿ ನದಿಗೆ ಲಾವಾ ಅಡ್ಡಬಂದು ಕ್ಲಿಯರ್ ಲೇಕ್ ಸರೋವರವಾಯಿತು. ಅಂದು ಮುಳುಗಿದ ಕಾಡಿನ ಮರಗಳು ಇಂದಿಗೂ ತಳದಲ್ಲಿ ನೆಟ್ಟಗೆ ನಿಂತಿವೆ, ತಿಳಿನೀರಿನಲ್ಲಿ ದೋಣಿಯಿಂದಲೇ ಕಾಣುತ್ತವೆ. ಒರತೆಯ ನೀರು ಅಷ್ಟು ತಣ್ಣಗಿರುವುದರಿಂದ ಅವು ಕೊಳೆತಿಲ್ಲ. ಇದೇ ನದಿ ಸ್ವಲ್ಪ ಕೆಳಗೆ ಮತ್ತೊಮ್ಮೆ ಲಾವಾದೊಳಗೆ ನುಸುಳಿ ಟಮೊಲಿಚ್ ಎಂಬ ನೀಲಿ ಮಡುವಿನಲ್ಲಿ ಮೇಲೇಳುತ್ತದೆ.

ಒರತೆಯ ನೀರು ಎಷ್ಟು ವರ್ಷ ಹಳೆಯದು? ಅದನ್ನು ಅಳೆಯುವುದು ಹೇಗೆ?

ಕೆಲವು ವರ್ಷಗಳಿಂದ ನೂರಾರು ವರ್ಷಗಳವರೆಗೆ. 1950–60ರ ದಶಕಗಳ ಪರಮಾಣು ಪರೀಕ್ಷೆಗಳು ಮಳೆನೀರಿನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕದ ಪ್ರಮಾಣವನ್ನು ಏರಿಸಿದವು. ಅದು 12.3 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಒರತೆಯ ನೀರಿನಲ್ಲಿ ಎಷ್ಟು ಉಳಿದಿದೆ ಎಂಬುದು ಕಾಲದ ಗುರುತಾಗುತ್ತದೆ. ನೀರಿನ ಆಮ್ಲಜನಕದ ಐಸೊಟೋಪುಗಳು, ಅಂದರೆ ತೂಕದಲ್ಲಿ ಬೇರೆಯಾದ ಅದೇ ಧಾತುವಿನ ಪರಮಾಣುಗಳು, ಇನ್ನೊಂದು ಗುಟ್ಟು ಹೇಳುತ್ತವೆ. ಎತ್ತರದಲ್ಲಿ ಬೀಳುವ ಮಳೆ, ಹಿಮದಲ್ಲಿ ಭಾರದ ಐಸೊಟೋಪು ಕಡಿಮೆ. ಆದ್ದರಿಂದ ಬುಡದ ಒರತೆಯ ನೀರು ಬೆಟ್ಟದ ಯಾವ ಎತ್ತರದಲ್ಲಿ ಇಂಗಿತ್ತು ಎಂದು ಅಂದಾಜಿಸಬಹುದು.

ಇಲ್ಲೊಂದು ಗೊಂದಲವನ್ನು ಬಿಡಿಸಲೇಬೇಕು. ನೀರು 30 ವರ್ಷ ಹಳೆಯದು ಎಂದರೆ ಇಂದಿನ ಬರದ ಬಿಸಿ ಒರತೆಗೆ ತಟ್ಟಲು 30 ವರ್ಷ ಬೇಕು ಎಂದರ್ಥವಲ್ಲ. ನೀರು ತುಂಬಿದ ಉದ್ದನೆಯ ಕೊಳವೆಯ ಈ ತುದಿಗೆ ಒಂದು ಚೊಂಬು ನೀರು ಹೊಯ್ದರೆ ಆ ತುದಿಯಿಂದ ಕೂಡಲೇ ಒಂದು ಚೊಂಬು ಹೊರಬರುತ್ತದೆ, ಆದರೆ ಬಂದದ್ದು ಹಳೆಯ ನೀರು. ಒರತೆಯೂ ಹಾಗೆಯೇ. ಒತ್ತಡ ಬೇಗ ದಾಟುತ್ತದೆ, ನೀರು ನಿಧಾನವಾಗಿ ಬರುತ್ತದೆ. ಮಳೆ ಕೈಕೊಟ್ಟರೆ ಒರತೆಯ ಹರಿವು ಮುಂದಿನ ವರ್ಷವೇ ಇಳಿಯಬಹುದು. ಆದರೆ ಇಂದು ನೆಲಕ್ಕೆ ಸುರಿದ ವಿಷ ದಶಕಗಳ ನಂತರ ಬಾಯಿಗೆ ಬರಬಹುದು.

ಸುತ್ತ ಉಪ್ಪುನೀರಿರುವ ಜ್ವಾಲಾಮುಖಿ ದ್ವೀಪಗಳಲ್ಲಿ ಸಿಹಿನೀರು ಉಳಿಯುವುದು ಹೇಗೆ?

ಸಿಹಿನೀರು ಹಗುರ, ಉಪ್ಪುನೀರು ಭಾರ. ಇಂಗಿದ ಮಳೆನೀರು ಕಲ್ಲಿನೊಳಗೆ ಉಪ್ಪುನೀರಿನ ಮೇಲೆ ಮಸೂರದಾಕಾರದಲ್ಲಿ ತೇಲುತ್ತದೆ. ಲೆಕ್ಕ ಹೀಗಿದೆ: ಸಿಹಿನೀರಿನ ಮಟ್ಟ ಕಡಲಿಗಿಂತ 1 ಮೀಟರ್ ಮೇಲಿದ್ದರೆ ಕಡಲ ಮಟ್ಟದಿಂದ ಕೆಳಗೆ ಸುಮಾರು 40 ಮೀಟರ್ ಸಿಹಿನೀರಿರುತ್ತದೆ. ತಿರುಗಿಸಿ ಓದಿದರೆ ಇದೇ ಎಚ್ಚರಿಕೆ. ಪಂಪು ಮಾಡಿ ಮಟ್ಟವನ್ನು 1 ಮೀಟರ್ ಇಳಿಸಿದರೆ ಕಾಲಕ್ರಮೇಣ ಕೆಳಗಿನಿಂದ ಉಪ್ಪುನೀರು 40 ಮೀಟರ್ ಮೇಲೇರುತ್ತದೆ.

ಹವಾಯಿ ದ್ವೀಪಗಳಲ್ಲಿ ಇನ್ನೊಂದು ಬಗೆಯ ದಾಸ್ತಾನಿದೆ. ಜ್ವಾಲಾಮುಖಿಯ ಒಡಲಲ್ಲಿ ಶಿಲಾರಸ ಬಿರುಕುಗಳಿಗೆ ನುಗ್ಗಿ ಅಲ್ಲೇ ಗಟ್ಟಿಯಾದಾಗ ಡೈಕ್ ಎಂಬ ನೆಟ್ಟನೆಯ ಕಲ್ಲುಗೋಡೆಗಳಾಗುತ್ತವೆ. ಅವುಗಳ ನಡುವೆ ಮಳೆನೀರು ತೊಟ್ಟಿಯಲ್ಲಿ ನಿಂತಂತೆ ಕಡಲ ಮಟ್ಟಕ್ಕಿಂತ ನೂರಾರು ಮೀಟರ್ ಎತ್ತರದಲ್ಲೇ ನಿಲ್ಲುತ್ತದೆ. ಕ್ಯಾನರಿ ದ್ವೀಪಗಳ ಟೆನೆರೀಫ್‌ನಲ್ಲಿ ಜನರು ಬೆಟ್ಟಕ್ಕೆ ಅಡ್ಡಲಾಗಿ ಸುರಂಗ ಕೊರೆದು ಇಂಥ ನೀರನ್ನು ಹೊರತೆಗೆದರು. ಅಲ್ಲಿನ ಸುರಂಗಗಳ ಒಟ್ಟು ಉದ್ದ 1,500 ಕಿಲೋಮೀಟರ್ ಮೀರುತ್ತದೆ. ಕೆಲವೆಡೆ ಜ್ವಾಲಾಮುಖಿಯ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ, ಒಳಹೊಕ್ಕವರ ಉಸಿರು ಕಟ್ಟುವ ಅಪಾಯವಿದೆ. ನೀರಿನ ಮಟ್ಟವೂ ಇಳಿಯುತ್ತಾ ಬಂದಿದೆ.

ಬೂದಿ ಬಿದ್ದ ನೆಲ ನೀರನ್ನು ಇಂಗಿಸುತ್ತದೆಯೇ?

ದಪ್ಪ ಕಣದ ಬೂದಿ, ಸಿಂಡರ್ ಕಲ್ಲುಗಳಾದರೆ ಚೆನ್ನಾಗಿ ಇಂಗಿಸುತ್ತವೆ. ನುಣುಪು ಬೂದಿ ಹೊಸದಾಗಿ ಬಿದ್ದಾಗ ಮಳೆಗೆ ನೆನೆದು ಒಣಗಿ ಸಿಮೆಂಟಿನಂತೆ ಹೆಪ್ಪುಗಟ್ಟುತ್ತದೆ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸ್ಫೋಟಗೊಂಡ ಮೇಲೆ ಇಳಿಜಾರುಗಳಲ್ಲಿ ಹಾಗೆಯೇ ಆಯಿತು. ನೀರು ಇಂಗದೆ ಹೂಳು ಹೊತ್ತು ಹರಿಯಿತು. ಆ ಸ್ಫೋಟದ ಕಲ್ಲುಮಣ್ಣು ಸ್ಪಿರಿಟ್ ಲೇಕ್ ಸರೋವರದ ಹೊರದಾರಿಯನ್ನು ಮುಚ್ಚಿಹಾಕಿತ್ತು. ಕಟ್ಟೆಯೊಡೆದು ಕೆಳಗಿನ ಊರುಗಳು ಕೊಚ್ಚಿಹೋಗದಿರಲೆಂದು ಸುಮಾರು 2.6 ಕಿಲೋಮೀಟರ್ ಉದ್ದದ ಸುರಂಗ ಕೊರೆದು 1985ರಲ್ಲಿ ನೀರು ಬಿಟ್ಟರು. ಇನ್ನು ಹಳೆಯ ಬೂದಿ ಮಣ್ಣಾಗಿ ಮಾಗಿದ ಮೇಲೆ ಸ್ಪಂಜಿನಂತೆ ನೀರು ಹಿಡಿಯುತ್ತದೆ.

ಶಿಲಾರಸಕ್ಕೂ ಅಂತರ್ಜಲಕ್ಕೂ ನೇರ ಭೇಟಿಯಾಗುವುದುಂಟೇ?

ಹವಾಯಿಯ ಕಿಲೌಯೆಯದಲ್ಲಿ ಜಗತ್ತು ಅದನ್ನು ಕಣ್ಣಾರೆ ಕಂಡಿತು. 2018ರಲ್ಲಿ ಶಿಖರದ ಕುಳಿ ಸುಮಾರು 500 ಮೀಟರ್ ಕುಸಿದು ಅದರ ತಳ ಅಂತರ್ಜಲ ಮಟ್ಟಕ್ಕಿಂತ ಕೆಳಗಾಯಿತು. 2019ರ ಜುಲೈ ಕೊನೆಗೆ ತಳದಲ್ಲಿ ಒಂದು ಸಣ್ಣ ಹಸಿರು ಕೊಳ ಕಾಣಿಸಿಕೊಂಡಿತು. ಸುತ್ತಲಿನ ಕಲ್ಲಿನಿಂದ ನೀರು ಒಸರುತ್ತಾ ಅದು ತುಕ್ಕಿನ ಬಣ್ಣದ, ಆವಿಯಾಡುವ, ಸುಮಾರು 50 ಮೀಟರ್ ಆಳದ ಸರೋವರವಾಯಿತು. 2020ರ ಡಿಸೆಂಬರ್ 20ರ ರಾತ್ರಿ ಲಾವಾ ಉಕ್ಕಿ ಆ ನೀರನ್ನೆಲ್ಲ ಕುದಿಸಿ ಆವಿಯಾಗಿಸಿಬಿಟ್ಟಿತು. ಕಾಣದ ಅಂತರ್ಜಲ ಮಟ್ಟವನ್ನು ಇಷ್ಟು ಢಾಳಾಗಿ ತೋರಿಸಿಕೊಟ್ಟ ಘಟನೆ ನನಗೆ ಗೊತ್ತಿರುವಂತೆ ಮತ್ತೊಂದಿಲ್ಲ.

ಇಂಥ ನೀರು ಕುಡಿಯಲು ಒಳ್ಳೆಯದೇ?

ಹೆಚ್ಚಿನೆಡೆ ಬಹಳ ಒಳ್ಳೆಯದು, ಆದರೆ ಪರೀಕ್ಷೆ ಮಾಡಿಸದೆ ನಂಬಬೇಡಿ. ಪೂರ್ವ ಆಫ್ರಿಕಾದ ಬಿರುಕು ಕಣಿವೆಯ ಜ್ವಾಲಾಮುಖಿ ಪ್ರದೇಶಗಳಲ್ಲಿ ಫ್ಲೋರೈಡ್ ವಿಪರೀತ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅದನ್ನು ಹಲವು ಪಟ್ಟು ಮೀರಿದ ನೀರನ್ನು ಕುಡಿದು ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮೂಳೆಗಳು ಸೊಟ್ಟಗಾಗುತ್ತವೆ. ಬಿಸಿನೀರಿನ ಬುಗ್ಗೆಗಳ ಆಸುಪಾಸಿನಲ್ಲಿ ಆರ್ಸೆನಿಕ್ ಇರುವ ಸಾಧ್ಯತೆಯಿದೆ. ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ.

ಮನುಷ್ಯರು ತಂದಿಡುವ ಅಪಾಯ ಇನ್ನೊಂದು. ನೀರನ್ನು ಬೇಗ ಇಂಗಿಸುವ ನೆಲ ಹೊಲಸನ್ನೂ ಬೇಗ ಇಂಗಿಸುತ್ತದೆ. ಮರಳಿನಲ್ಲಿ ಸೋಸಿಹೋಗುವಂತೆ ಅಗಲವಾದ ಬಿರುಕಿನಲ್ಲಿ ಸೋಸಿಹೋಗುವುದಿಲ್ಲ. ಹವಾಯಿಯ ರೆಡ್ ಹಿಲ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ನೌಕಾಪಡೆಯ 20 ಇಂಧನ ತೊಟ್ಟಿಗಳು ಅಂತರ್ಜಲಕ್ಕಿಂತ ಕೇವಲ 30 ಮೀಟರ್ ಮೇಲಿದ್ದವು. 2021ರಲ್ಲಿ ಅಲ್ಲಿಂದ ಸೋರಿದ ಇಂಧನ ಸಾವಿರಾರು ಮನೆಗಳ ನಲ್ಲಿ ನೀರಿಗೆ ಸೇರಿತು. ಮರುವರ್ಷ ಆ ತೊಟ್ಟಿಗಳನ್ನು ಮುಚ್ಚುವ ಆದೇಶವಾಯಿತು.

ಒರತೆಯಿಂದ ಹುಟ್ಟುವ ನದಿಗೆ ಹವಾಮಾನ ಬದಲಾವಣೆಯ ಭಯ ಇಲ್ಲವಲ್ಲವೇ?

ಇದೆ. ಕ್ಯಾಸ್ಕೇಡ್ ಪರ್ವತಗಳ ಅಧ್ಯಯನಗಳು ತೋರಿಸಿದ ಸಂಗತಿ ನಮ್ಮ ಊಹೆಗೆ ತಿರುಗುಮುರುಗು. ಹಿಮ ಕಡಿಮೆಯಾಗಿ ಬೇಗ ಕರಗಿದರೆ ಒಟ್ಟು ನೀರಿನ ಲೆಕ್ಕದಲ್ಲಿ ಬೇಸಿಗೆಯಲ್ಲಿ ಹೆಚ್ಚು ಕಳೆದುಕೊಳ್ಳುವುದು ಒರತೆಯ ನದಿಗಳೇ. ಹಳೆಯ ಕಲ್ಲಿನ ತೊರೆಗಳಲ್ಲಿ ಬೇಸಿಗೆಗೆ ಕಳೆದುಕೊಳ್ಳಲು ಹೇಗೂ ಏನೂ ಉಳಿದಿರುವುದಿಲ್ಲ. ಆ ಪರ್ವತಗಳ ನಡುಭಾಗದಲ್ಲಿ ಕನಿಷ್ಠ 81 ಘನ ಕಿಲೋಮೀಟರ್ ನೀರಿದೆ ಎಂದು ಓರೆಗಾನ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 2025ರಲ್ಲಿ ಅಂದಾಜಿಸಿತು. ಸಂಖ್ಯೆ ದೊಡ್ಡದು. ಆದರೆ ಒರತೆ ಹರಿಯುವುದು ಒಳಗೆ ನೀರು ಎಷ್ಟಿದೆ ಎಂಬುದರಿಂದಲ್ಲ, ಅದರ ಮಟ್ಟ ಒರತೆಯ ಬಾಯಿಗಿಂತ ಎಷ್ಟು ಮೇಲಿದೆ ಎಂಬುದರಿಂದ. ಭಂಡಾರ ತುಂಬ ಬರಿದಾಗದೆಯೂ ಒರತೆ ನಿಂತುಹೋಗಬಹುದು.

ಕೊಳವೆ ಬಾವಿ ಕೊರೆಯುವಾಗ ಲಾವಾ ನೆಲದಲ್ಲಿ ವಿಶೇಷವಾಗಿ ಏನು ಗಮನಿಸಬೇಕು?

ಒಂದೇ ಮಾತು: ಮೇಲಿನ ನೀರಿನ ಪದರಕ್ಕೆ ಸರಿಯಾಗಿ ಕೇಸಿಂಗ್ ಇಳಿಸಿ ಸಂದು ಮುಚ್ಚಿಸಿ. ಹಲವು ಸಂಧಿಪದರಗಳನ್ನು ತೂರಿಕೊಂಡು ಹೋಗುವ ಬರಿಯ ರಂಧ್ರ ಮೇಲಿನ ಪದರದ ನೀರನ್ನು ಹಗಲೂ ರಾತ್ರಿ ಕೆಳಗಿನ ಪದರಕ್ಕೆ ಸುರಿಯುತ್ತಿರುತ್ತದೆ. ಓರೆಗಾನ್‌ನ ಮೋಸಿಯರ್ ಸುತ್ತ ಅಂತರ್ಜಲ ಇಳಿದದ್ದಕ್ಕೆ ಮುಖ್ಯ ಕಾರಣ ಪಂಪುಗಳಿಗಿಂತ ಹೆಚ್ಚಾಗಿ ಇಂಥ ಸೋರುವ ಬಾವಿಗಳೇ ಎಂದು ಅಧ್ಯಯನ ಕಂಡುಕೊಂಡಿತು. ಮೋಟಾರು ನಿಲ್ಲಿಸಿದರೂ ಸೋರಿಕೆ ನಿಲ್ಲುವುದಿಲ್ಲ.

ಬತ್ತುತ್ತಿರುವ ಒರತೆಯನ್ನು ಮತ್ತೆ ತುಂಬಿಸಬಹುದೇ?

ನೆಲ ಇನ್ನೂ ಇಂಗಿಸುವಂಥದ್ದಾಗಿದ್ದರೆ ಖಂಡಿತ. ಸ್ನೇಕ್ ನದಿ ಬಯಲಿನಲ್ಲಿ ಇದು ಯಾರೂ ಉದ್ದೇಶಿಸದೆಯೇ ಆಯಿತು. 20ನೇ ಶತಮಾನದ ಮೊದಲರ್ಧದಲ್ಲಿ ರೈತರು ಕಾಲುವೆ ನೀರನ್ನು ಹೊಲಗಳಿಗೆ ಧಾರಾಳವಾಗಿ ಹಾಯಿಸಿದರು, ಹೆಚ್ಚುವರಿ ಇಂಗಿ ಥೌಸಂಡ್ ಸ್ಪ್ರಿಂಗ್ಸ್‌ನ ಹರಿವು 1950ರ ದಶಕದವರೆಗೆ ಏರಿತು. ಆಮೇಲೆ ತುಂತುರು ನೀರಾವರಿ ಬಂತು, ಕೊಳವೆ ಬಾವಿಗಳು ಬಂದವು, ಹರಿವು ಇಳಿಯತೊಡಗಿತು.

ಜಪಾನಿನ ಕುಮಾಮೊಟೊ ಇದನ್ನು ಅರಿತೇ ಮಾಡುತ್ತಿದೆ. 7 ಲಕ್ಷಕ್ಕೂ ಹೆಚ್ಚು ಜನರಿರುವ ಈ ನಗರದ ಕುಡಿಯುವ ನೀರು ಪೂರ್ತಿ ಅಂತರ್ಜಲದ್ದು. ಆಸೊ ಜ್ವಾಲಾಮುಖಿಯ ಸ್ಫೋಟಗಳು ಕವಿಸಿದ ಬೂದಿಗಲ್ಲಿನ ಪದರಗಳು ಮತ್ತು ನಡುವಿನ ಲಾವಾ ಅದನ್ನು ಹಿಡಿದಿಟ್ಟಿವೆ. ನಗರದ ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಲ್ಲುವುದೇ ಇಲ್ಲ; ರೈತರು ಅವನ್ನು ಜರಡಿ ಗದ್ದೆ ಎಂದೇ ಕರೆಯುತ್ತಿದ್ದರು. ಭತ್ತದ ಬೇಸಾಯ ಕಡಿಮೆಯಾದಂತೆ ಕೆಳಗೆ ನಗರದ ಅಂತರ್ಜಲವೂ ಇಳಿಯಿತು. 2004ರಿಂದ ನಗರವು ಆ ರೈತರಿಗೆ ಹಣ ಕೊಟ್ಟು, ಭತ್ತ ಬೆಳೆಯದ ಗದ್ದೆಗಳಿಗೂ ನದಿಯ ನೀರು ಹಾಯಿಸಿ ತುಂಬಿಸಿಡುವ ಒಪ್ಪಂದ ಮಾಡಿಕೊಂಡಿದೆ. ಬೆಳೆಗಾರನಿಗೆ ಶಾಪವೆನಿಸಿದ್ದ ಸೋರುವ ಗದ್ದೆಗೆ ಈಗ ಆ ಸೋರಿಕೆಗೆಂದೇ ಸಂಭಾವನೆ ಸಲ್ಲುತ್ತದೆ.